ಕರಾರಿನಲ್ಲಿ ಇಬ್ಬರ ಹೆಸರು

ಮುಂಬೈಗೆ ಹೊರಟವರ ಕೈಗೆ ಊರಿನವರು ಬುತ್ತಿಯ ಜೊತೆಗೆ ಒಂದು ಫೋನ್ ನಂಬರನ್ನೂ ಕೊಟ್ಟು ಕಳಿಸುತ್ತಾರೆ. ಡೊಂಬಿವಲಿಯ ಚಿಕ್ಕಪ್ಪನದು, ಮೀರಾರೋಡಿನ ಭಾವನದು, ಇಲ್ಲವೇ ಮಾಟುಂಗಾದ ಹೋಟೆಲಿನ ಗಲ್ಲಾದಲ್ಲಿ ಕೂರುವ ಪಕ್ಕದ ಮನೆಯವರ ಮಗನದು. "ಇಳಿದ ಕೂಡಲೇ ಫೋನ್ ಮಾಡು, ಅವರು ಎಲ್ಲ ನೋಡ್ಕೊಳ್ತಾರೆ." ಮಾತು ಸುಳ್ಳಲ್ಲ. ಮತ್ಸ್ಯಗಂಧಾ ರೈಲಿನಲ್ಲಿ ಬಂದು ಬೆಳಗಿನ ಜಾವ ಕುರ್ಲಾ ಟರ್ಮಿನಸ್ಸಿನಲ್ಲಿ ಇಳಿದವರನ್ನೂ, ಗದಗ, ವಿಜಯಪುರದ ಕಡೆಯಿಂದ ರೈಲು ಹತ್ತಿ ಸಿಎಸ್‌ಎಂಟಿಗೆ ಬಂದವರನ್ನೂ ಈ ನಂಬರುಗಳು ತಲೆಮಾರುಗಳಿಂದ ಸಾಕಿವೆ. ಆದರೆ ನೀವು ಸಲಿಂಗಿಯಾಗಿದ್ದರೆ ಆ ನಂಬರಿಗೆ ಫೋನ್ ಮಾಡುವ ಮೊದಲು ಒಮ್ಮೆ ಯೋಚಿಸಿ. ಆ ಮನೆಯ ಹಾಲಿನಲ್ಲಿ ಚಾಪೆ ಹಾಸಿದ ದಿನದಿಂದ ನೀವು ಎಷ್ಟು ಹೊತ್ತಿಗೆ ಬಂದಿರಿ, ಫೋನಿನಲ್ಲಿ ಯಾರ ಜೊತೆ ಮಾತಾಡಿದಿರಿ, ಭಾನುವಾರ ಎಲ್ಲಿಗೆ ಹೋದಿರಿ ಎಂಬುದೆಲ್ಲ ಅಂದಂದೇ ಊರು ಮುಟ್ಟುತ್ತದೆ. ಯಾರೂ ಕೆಟ್ಟ ಮನಸ್ಸಿನಿಂದ ಹೇಳುವುದಿಲ್ಲ. ಪ್ರೀತಿಯಿಂದಲೇ ಹೇಳುತ್ತಾರೆ, ಹಾಗಾಗಿ ತಡೆಯುವುದೂ ಕಷ್ಟ.

ಮುಂಬೈಗೆ ಬಂದ ಮಾತ್ರಕ್ಕೆ ಬಿಡುಗಡೆ ಸಿಕ್ಕಿತು ಅಂದುಕೊಳ್ಳುವವರೇ ಹೆಚ್ಚು. ಆದರೆ ಇಲ್ಲಿ ನಿಮ್ಮನ್ನು ಕಾಪಾಡುವುದು ನಗರದ ದೊಡ್ಡತನಕ್ಕಿಂತ ನಿಮ್ಮ ಹೆಸರಿನಲ್ಲಿರುವ ಕಾಗದಗಳು: ಸಿಮ್, ಬ್ಯಾಂಕ್ ಖಾತೆ, ಬಾಡಿಗೆ ಕರಾರು, ಆಸ್ಪತ್ರೆಯ ಕಾಗದ. ಈ ಬರಹ ಅವುಗಳ ಬಗ್ಗೆ. 'ಸಲಿಂಗಿ' ಎಂಬ ಪದವನ್ನು ಬೇಕೆಂದೇ ಬಳಸುತ್ತಿದ್ದೇನೆ. ಪತ್ರಿಕೆಗಳು ಬರೆಯುವ 'ಸಲಿಂಗಕಾಮಿ'ಯಲ್ಲಿ ಇಡೀ ಬದುಕನ್ನು ಕಾಮಕ್ಕೆ ಕಟ್ಟಿಹಾಕಿದಂತಿದೆ. ಬಾಡಿಗೆ, ಜ್ವರ, ಪಿಎಫ್ ಇವಕ್ಕೆಲ್ಲ ಆ ಪದದಲ್ಲಿ ಜಾಗವಿಲ್ಲ.

ಕೆಲಸ ಊರಿನಲ್ಲೇ ಶುರುವಾಗಬೇಕು. ಹೊರಡುವ ಒಂದು ತಿಂಗಳ ಮೊದಲು ನಿಮ್ಮ ಸಿಮ್ ಯಾರ ಹೆಸರಿನಲ್ಲಿದೆ ನೋಡಿ. ಎಷ್ಟೋ ಮನೆಗಳಲ್ಲಿ ಕಾಲೇಜಿಗೆ ಸೇರುವಾಗ ಅಪ್ಪನ ಆಧಾರ್ ಕೊಟ್ಟು ತೆಗೆಸಿದ ಸಿಮ್ಮೇ ಇಂದಿಗೂ ನಡೆಯುತ್ತಿರುತ್ತದೆ. ಮನಸ್ತಾಪವಾದ ದಿನ ಅವರು ಅಂಗಡಿಗೆ ಹೋಗಿ ಡೂಪ್ಲಿಕೇಟ್ ಸಿಮ್ ತೆಗೆಸಿಕೊಂಡರೆ ನಿಮ್ಮ ಒಟಿಪಿಗಳೆಲ್ಲ ಅವರ ಕೈ ಸೇರಿದವು. ಆಮೇಲೆ ಬ್ಯಾಂಕೂ ಇಲ್ಲ, ಇಮೇಲೂ ಇಲ್ಲ. ಆದ್ದರಿಂದ ನಿಮ್ಮ ಹೆಸರಿನಲ್ಲೇ ಹೊಸ ಸಿಮ್, ಅದೇ ನಂಬರು ಆಧಾರಿಗೆ, ಆಮೇಲೆ ಬ್ಯಾಂಕಿಗೆ. ಈ ಅನುಕ್ರಮ ತಪ್ಪಿದರೆ ಬ್ಯಾಂಕಿನವರು ಆಧಾರಿನ ಹಳೆಯ ನಂಬರಿಗೇ ಒಟಿಪಿ ಕಳಿಸುತ್ತಾರೆ. ಅಪ್ಪನೊಂದಿಗೆ ಜಂಟಿಯಾಗಿರುವ ಖಾತೆಗೆ ಸಂಬಳ ಹಾಕಿಸಬೇಡಿ. ಲೋಕಲ್ ಪಾಸ್, ಬಾಡಿಗೆ, ರಾತ್ರಿ ತಿಂದ ಬಿಲ್ಲು ಎಲ್ಲದರ ಮೆಸೇಜೂ ಮನೆಗೆ ಹೋಗುತ್ತದೆ. ಫೋನಿನ ಲೊಕೇಶನ್ ಹಂಚಿಕೆ, ಮನೆಯ ಟಿವಿಯಲ್ಲಿ ಲಾಗಿನ್ ಆಗಿ ಉಳಿದ ಗೂಗಲ್ ಖಾತೆ, ತಮ್ಮನ ಲ್ಯಾಪ್‌ಟಾಪಿನಲ್ಲಿ ಉಳಿದ ವಾಟ್ಸ್ಆ್ಯಪ್ ವೆಬ್, ಇವುಗಳನ್ನು ಒಂದೊಂದಾಗಿ ಕಳಚಿ.

ಎಲ್ಲಕ್ಕಿಂತ ಮುಖ್ಯವಾದದ್ದು ಮಾರ್ಕ್ಸ್‌ಕಾರ್ಡ್. ಎಸ್ಸೆಸ್ಸೆಲ್ಸಿಯಿಂದ ಡಿಗ್ರಿಯವರೆಗಿನ ಮೂಲ ಪ್ರತಿ, ಪಾಸ್‌ಪೋರ್ಟ್ ಮತ್ತು ಪಾನ್ ನಿಮ್ಮ ಚೀಲದಲ್ಲೇ ಬರಲಿ. "ಅಲ್ಲಿ ಕಳೆದುಹೋದೀತು, ಬೀರುವಿನಲ್ಲಿ ಇರಲಿ" ಎನ್ನುವ ಮಾತಿಗೆ ಸೋತು ಬಿಟ್ಟು ಬಂದವರು, ಮನೆಯಲ್ಲಿ ವಿಷಯ ಗೊತ್ತಾದ ಮೇಲೆ ಆ ಬೀರುವಿನ ಬೀಗದ ಕೈಗಾಗಿಯೇ ಊರಿಗೆ ಹೋಗಬೇಕಾಗುತ್ತದೆ. ಹೋದವರನ್ನು ಅಲ್ಲಿಯೇ ಕೂಡಿಹಾಕಿದ್ದೂ ಉಂಟು.

ಮನೆಯಲ್ಲಿ ವಿರೋಧ ಜೋರಾಗಿದ್ದರೆ, ಅದರಲ್ಲೂ ಹೆಣ್ಣುಮಕ್ಕಳಿಗೆ, ಇನ್ನೊಂದು ಕಾಗದ ಬೇಕು. ಹೇಳದೆ ಹೊರಟ ಮಗಳ ಮೇಲೆ ಊರಿನ ಠಾಣೆಯಲ್ಲಿ 'ಕಾಣೆಯಾಗಿದ್ದಾಳೆ' ಎಂಬ ದೂರು ಬೀಳುತ್ತದೆ, ಜೊತೆಗಾರ್ತಿಯ ಮೇಲೆ ಅಪಹರಣದ ಆರೋಪ ಬರುತ್ತದೆ. ಹೊರಟ ದಿನವೇ ಒಂದು ಪತ್ರ ಬರೆಯಿರಿ: ನನಗೆ ಇಂತಿಷ್ಟು ವಯಸ್ಸು, ನನ್ನ ಇಷ್ಟದಿಂದ ಹೊರಟಿದ್ದೇನೆ, ಯಾರೂ ಬಲವಂತ ಮಾಡಿಲ್ಲ, ನನ್ನ ದಾಖಲೆ ಮತ್ತು ನನ್ನ ಹಣ ಬಿಟ್ಟು ಬೇರೇನೂ ತಂದಿಲ್ಲ. ಕೊನೆಯ ವಾಕ್ಯವನ್ನು ಮರೆಯಬೇಡಿ, ಒಡವೆ ಕದ್ದ ದೂರು ಇಂಥ ಪ್ರಕರಣಗಳಲ್ಲಿ ಮಾಮೂಲು. ವಯಸ್ಸಿನ ದಾಖಲೆ ಲಗತ್ತಿಸಿ, ಊರಿನ ಠಾಣೆಗೂ ಮುಂಬೈಯಲ್ಲಿ ನೀವು ಇಳಿದುಕೊಂಡ ಕಡೆಯ ಠಾಣೆಗೂ ಸ್ಪೀಡ್ ಪೋಸ್ಟ್ ಮಾಡಿ, ರಸೀದಿ ಇಟ್ಟುಕೊಳ್ಳಿ. ಮುಂಬೈಯ ವಿಳಾಸವನ್ನು ಊರಿಗೆ ಹೋಗುವ ಪ್ರತಿಯಲ್ಲಿ ಬರೆಯಬೇಕಿಲ್ಲ. ಹೇಳಿಕೆ ಕೊಡಲು ಠಾಣೆಗೆ ಕರೆದರೆ ಒಬ್ಬರೇ ಹೋಗಬೇಡಿ, ವಕೀಲರನ್ನೋ ಸಲಿಂಗಿಗಳ ಪರ ಕೆಲಸ ಮಾಡುವ ಸಂಸ್ಥೆಯ ಕಾರ್ಯಕರ್ತರನ್ನೋ ಜೊತೆಗೆ ಕರೆದುಕೊಂಡು ಹೋಗಿ. ಮಾತು ಹೈಕೋರ್ಟಿನವರೆಗೆ ಹೋದರೂ ಹೆದರಬೇಕಿಲ್ಲ. 2024ರ ಮಾರ್ಚ್ 11ರಂದು ದೇವು ನಾಯರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಹೇಬಿಯಸ್ ಕಾರ್ಪಸ್ (ವ್ಯಕ್ತಿಯನ್ನು ಕೋರ್ಟಿನ ಮುಂದೆ ಹಾಜರುಪಡಿಸಿ ಎಂದು ಕೇಳುವ) ಅರ್ಜಿಗಳಲ್ಲಿ ನ್ಯಾಯಾಧೀಶರು ವ್ಯಕ್ತಿಯ ಇಚ್ಛೆಯನ್ನು ಮನೆಯವರ ಒತ್ತಡವಿಲ್ಲದೆ ಖಾಸಗಿಯಾಗಿ ಕೇಳಿ ತಿಳಿಯಬೇಕು, ಕೌನ್ಸೆಲಿಂಗಿನ ಹೆಸರಿನಲ್ಲಿ ಅವರ ಮನಸ್ಸು ತಿರುಗಿಸುವ ಕೆಲಸಕ್ಕೆ ಇಳಿಯಬಾರದು ಎಂದು ಎಲ್ಲ ಹೈಕೋರ್ಟುಗಳಿಗೂ ಹೇಳಿದೆ. 'ಸರಿಮಾಡುತ್ತೇವೆ' ಎಂದು ಔಷಧಿ ಕೊಡುವ ವೈದ್ಯರ ವಿಷಯವೂ ಅಷ್ಟೆ. ಅದು ವೃತ್ತಿದ್ರೋಹ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲೇ ಸಾರಿದೆ.

ಇನ್ನು ಮನೆ. ಮೊದಲ ಒಂದೆರಡು ತಿಂಗಳು ಪೇಯಿಂಗ್ ಗೆಸ್ಟ್ ಆಗಿರುವುದು ಒಳ್ಳೆಯದು. ಆಫೀಸು ಲೋಕಲ್ ರೈಲಿನ ಯಾವ ಲೈನಿನಲ್ಲಿದೆ, ವೆಸ್ಟರ್ನೋ ಸೆಂಟ್ರಲ್ಲೋ ಹಾರ್ಬರ್ರೋ, ಅದು ಮೈಗೆ ಹತ್ತುವ ಮೊದಲೇ ಮನೆ ಹಿಡಿದರೆ ದಾದರಿನಲ್ಲೋ ಕುರ್ಲಾದಲ್ಲೋ ಗಾಡಿ ಬದಲಿಸುತ್ತಲೇ ಆಯುಷ್ಯ ಕಳೆಯುತ್ತದೆ. ಆದರೆ ಪಿಜಿಯಲ್ಲಿ ವರ್ಷ ಕಳೆಯಬೇಡಿ. ಅಲ್ಲಿ ನಿಮ್ಮ ಹೆಸರಿನ ಕಾಗದವಿಲ್ಲ, ಎಷ್ಟೋ ಕಡೆ ಬಾಗಿಲಿಗೆ ನಿಮ್ಮದೇ ಬೀಗವೂ ಇಲ್ಲ. ಯಾರೋ ನಿಮ್ಮ ಫೋನಿನ ಪರದೆ ನೋಡಿ ಮಾಲಕಿಗೆ ಹೇಳಿದರೆ ಸಂಜೆಯೊಳಗೆ ಪೆಟ್ಟಿಗೆ ಹೊರಗೆ.

ಇಲ್ಲಿ ಬಾಡಿಗೆ ಮನೆ ಸಿಗುವುದು 'ಲೀವ್ ಆ್ಯಂಡ್ ಲೈಸೆನ್ಸ್' ಕರಾರಿನ ಮೇಲೆ, ಅಂದರೆ ಇಂತಿಷ್ಟು ಕಾಲ ಇರಲು ಮಾಲೀಕರು ಕೊಡುವ ಅನುಮತಿಯ ಮೇಲೆ, ಸಾಮಾನ್ಯವಾಗಿ ಹನ್ನೊಂದು ತಿಂಗಳಿಗೆ. ಕರ್ನಾಟಕದಲ್ಲಿ ಹನ್ನೊಂದು ತಿಂಗಳೆಂದರೆ ನೋಂದಣಿ ಬೇಡವೆಂದು ಲೆಕ್ಕ, ಸ್ಟಾಂಪ್ ಪೇಪರಿನಲ್ಲಿ ಟೈಪ್ ಮಾಡಿಸಿ ಸಹಿ ಹಾಕಿದರೆ ಮುಗಿಯಿತು. ಆ ಅಭ್ಯಾಸವನ್ನು ಇಲ್ಲಿಗೆ ತರಬೇಡಿ. 1999ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯ್ದೆಯ 55ನೆಯ ಕಲಮಿನ ಪ್ರಕಾರ ಎಷ್ಟೇ ತಿಂಗಳ ಕರಾರಾದರೂ ನೋಂದಣಿ ಆಗಲೇಬೇಕು, ಮಾಡಿಸುವ ಹೊಣೆ ಮಾಲೀಕರದು. ನೋಂದಣಿ ಇಲ್ಲದಿದ್ದರೆ, ಬೇರೆ ರೀತಿ ಸಾಬೀತಾಗುವ ತನಕ, ಷರತ್ತುಗಳ ಬಗ್ಗೆ ಬಾಡಿಗೆದಾರರು ಹೇಳಿದ್ದೇ ನಡೆಯುತ್ತದೆ. "ರಿಜಿಸ್ಟ್ರೇಷನ್ ಯಾಕೆ, ಸುಮ್ಮನೆ ಖರ್ಚು" ಎನ್ನುವ ಬ್ರೋಕರಿಗೆ ಇದನ್ನು ಮೆಲ್ಲಗೆ ನೆನಪಿಸಿ.

ಖರ್ಚು ಅಷ್ಟೇನೂ ಇಲ್ಲ. ತಿಂಗಳ ಬಾಡಿಗೆ 30,000, ಡಿಪಾಸಿಟ್ ಒಂದು ಲಕ್ಷ ಅಂದುಕೊಳ್ಳಿ. ಹನ್ನೊಂದು ತಿಂಗಳ ಬಾಡಿಗೆ 3,30,000, ಡಿಪಾಸಿಟ್ಟಿನ ಮೇಲೆ ವರ್ಷಕ್ಕೆ ಶೇ 10ರಂತೆ ಬಡ್ಡಿ ಹತ್ತು ಸಾವಿರದ ಹತ್ತಿರ. ಎರಡೂ ಸೇರಿದ ಮೊತ್ತಕ್ಕೆ ಶೇ 0.25 ಸ್ಟಾಂಪ್ ಡ್ಯೂಟಿ, ಅಂದರೆ 850 ರೂಪಾಯಿಯ ಆಸುಪಾಸು. ನಗರ ಪ್ರದೇಶದಲ್ಲಿ ನೋಂದಣಿ ಶುಲ್ಕ 1,000. ಮನೆಗೇ ಬಂದು ಮಾಡಿಕೊಡುವ ಏಜೆಂಟನ ಸಂಭಾವನೆ ಬೇರೆ. ದೊಡ್ಡ ಹೊರೆ ಬೇರೆಯೇ ಇದೆ: ಡಿಪಾಸಿಟ್, ಮೊದಲ ತಿಂಗಳ ಬಾಡಿಗೆ, ಬ್ರೋಕರಿಗೆ ಒಂದು ತಿಂಗಳ ಬಾಡಿಗೆ, ಹಾಸಿಗೆ, ಗ್ಯಾಸ್, ಫ್ಯಾನು. ಮೇಲಿನ ಲೆಕ್ಕದಲ್ಲಿ ಎರಡು ಲಕ್ಷವಾದರೂ ಕೈಯಲ್ಲಿರಬೇಕು. ಡಿಪಾಸಿಟ್ಟನ್ನು ನಗದಾಗಿ ಕೊಡಬೇಡಿ, ಬ್ಯಾಂಕಿನಿಂದಲೇ ಹೋಗಲಿ, ಮೊತ್ತ ಕರಾರಿನಲ್ಲಿ ಬರಲಿ.

ಜೋಡಿಯಾಗಿ ಮನೆ ಮಾಡುವವರು ಎಡವುವುದು ಇಲ್ಲೇ. "ಒಬ್ಬರ ಹೆಸರಿನಲ್ಲಿ ಮಾಡಿಸಿ, ಇನ್ನೊಬ್ಬರು ಸುಮ್ಮನೆ ಇರಲಿ" ಎಂದು ಬ್ರೋಕರ್ ಹೇಳುತ್ತಾನೆ, ಅವನಿಗೆ ಕೆಲಸ ಹಗುರ. ಒಪ್ಪಬೇಡಿ. ಇಬ್ಬರನ್ನೂ ಲೈಸೆನ್ಸಿಗಳೆಂದು, ಅಂದರೆ ಬಾಡಿಗೆಗೆ ಇರುವವರೆಂದು, ಬರೆಸಿ. ಒಬ್ಬರ ಹೆಸರು ಮಾತ್ರ ಇದ್ದರೆ ಇನ್ನೊಬ್ಬರು ಕಾನೂನಿನ ಕಣ್ಣಿಗೆ ಅತಿಥಿ. ಹೆಸರಿದ್ದವರಿಗೆ ಅಪಘಾತವಾದ ದಿನ ಊರಿನಿಂದ ಬಂದ ಅಣ್ಣ ಅತಿಥಿಯನ್ನು ಬಾಗಿಲಾಚೆ ನಿಲ್ಲಿಸಬಹುದು. ಅವರ ಬಟ್ಟೆ, ಪುಸ್ತಕ, ಅವರು ಕೊಟ್ಟ ಅರ್ಧ ಡಿಪಾಸಿಟ್ ಎಲ್ಲವೂ ಒಳಗೇ ಉಳಿಯುತ್ತವೆ. ಮದುವೆಯ ಕಾಗದ ನಮಗಿಲ್ಲ. 2023ರ ಅಕ್ಟೋಬರ್ 17ರಂದು ಸುಪ್ರೀಂ ಕೋರ್ಟು ಸಲಿಂಗಿಗಳ ಮದುವೆಗೆ ಮಾನ್ಯತೆ ಕೊಡುವುದು ತನ್ನ ಕೈಲಿಲ್ಲವೆಂದು ಶಾಸಕಾಂಗಕ್ಕೆ ಬಿಟ್ಟಿತು. ಹಾಗಾಗಿ ಇಬ್ಬರೂ ಒಂದೇ ಸೂರಿನಡಿ ಬದುಕಿದ್ದಕ್ಕೆ ಸರ್ಕಾರಿ ಮುದ್ರೆಯ ಪುರಾವೆ ಅಂತ ಸುಲಭವಾಗಿ ಸಿಗುವುದು ಈ ಹನ್ನೊಂದು ತಿಂಗಳ ಕರಾರೊಂದೇ. ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ನೋಂದಣಿಯ ದಿನ ನಡೆಯುವುದು ಇಷ್ಟು. ಏಜೆಂಟು ಒಂದು ಲ್ಯಾಪ್‌ಟಾಪು, ವೆಬ್‌ಕ್ಯಾಮು, ಬೆರಳಚ್ಚಿನ ಪುಟ್ಟ ಯಂತ್ರ ಹಿಡಿದು ಬರುತ್ತಾನೆ. ಮಾಲೀಕರು, ನೀವಿಬ್ಬರು, ಇಬ್ಬರು ಸಾಕ್ಷಿಗಳು ಸರದಿಯ ಮೇಲೆ ಕೂತು ಫೋಟೊ ತೆಗೆಸಿಕೊಂಡು ಬೆರಳೊತ್ತಬೇಕು. ಗಾಜಿನ ಮೇಲೆ ಹೆಬ್ಬೆರಳು ಇಟ್ಟಾಗ ಕೆಂಪು ದೀಪ ಹತ್ತಿ, ಆಧಾರ್ ಹೌದೆಂದರೆ ಪರದೆಯಲ್ಲಿ ಹೆಸರಿನ ಮುಂದೆ ಹಸಿರು ಗುರುತು ಬೀಳುತ್ತದೆ. ಬೀಳದಿದ್ದರೆ ಕಾರಣ ಬಹುತೇಕ ಮೂರರಲ್ಲಿ ಒಂದು: ಆಧಾರ್ ಆ್ಯಪಿನಲ್ಲಿ ಬಯೊಮೆಟ್ರಿಕ್ ಲಾಕ್ ಆಗಿದೆ, ಬೆರಳು ಒಣಗಿದೆ ಅಥವಾ ಸವೆದಿದೆ, ಇಲ್ಲವೇ ಆಧಾರಿನ ಹೆಸರಿಗೂ ಫಾರಮ್ಮಿನಲ್ಲಿ ತುಂಬಿದ ಹೆಸರಿಗೂ ತಾಳೆಯಿಲ್ಲ. ನಮ್ಮ ಕಡೆಯ ಇನಿಷಿಯಲ್ಲುಗಳು ಇಲ್ಲಿ ಬಹಳ ತೊಂದರೆ ಕೊಡುತ್ತವೆ. ಮಹಾರಾಷ್ಟ್ರದ ಫಾರಮ್ಮಿನಲ್ಲಿ ಹೆಸರು, ಅಪ್ಪನ ಹೆಸರು, ಅಡ್ಡಹೆಸರು ಮೂರೂ ಬೇಕು, ಒಂದಕ್ಷರದ ಇನಿಷಿಯಲ್ ನೋಡಿ ಏಜೆಂಟು ತಲೆ ಕೆರೆದುಕೊಳ್ಳುತ್ತಾನೆ. ಹಿಂದಿನ ದಿನವೇ ಲಾಕ್ ತೆರೆದು, ಹೆಸರಿನ ಕಾಗುಣಿತ ಬರೆದುಕೊಟ್ಟುಬಿಡಿ. ನೋಂದಣಿ ಮುಗಿದ ಮೇಲೆ ಕರಾರಿನ ಪ್ರತಿಯ ಜೊತೆಗೆ ನೋಂದಣಿಯ ಸಾರಾಂಶವಿರುವ ಇಂಡೆಕ್ಸ್ ಟು ಎಂಬ ಹಾಳೆಯನ್ನೂ ಕೇಳಿ ಪಡೆಯಿರಿ. ಅದರಲ್ಲಿ ಇಬ್ಬರ ಹೆಸರೂ ಇದೆಯೇ ಎಂದು ಬೆರಳಿಟ್ಟು ಓದಿ.

ಸಹಿಗೆ ಮೊದಲು ಮೂರು ಷರತ್ತು ನೋಡಿ. ಲಾಕ್‌ಇನ್ (ಮನೆ ಬಿಡಲಾಗದ ಕನಿಷ್ಠ ಅವಧಿ) ಎಷ್ಟು ತಿಂಗಳು? ಆರು ಎಂದಿದ್ದರೆ ಮೂರಕ್ಕೆ ಇಳಿಸಲು ಕೇಳಿ, ಅಕ್ಕಪಕ್ಕದವರ ಕಿರುಕುಳ ಶುರುವಾದರೆ ಬಿಟ್ಟು ಹೋಗುವ ದಾರಿ ಇರಬೇಕು. ನೋಟಿಸ್ ಅವಧಿ ಮಾಲೀಕರಿಗೂ ನಿಮಗೂ ಸಮನಾಗಿದೆಯೇ? 'ಅತಿಥಿಗಳು ರಾತ್ರಿ ತಂಗಬಾರದು' ಎಂಬಂಥ ಸಾಲು ಸೇರಿದೆಯೇ? ಅವಧಿ ಮುಗಿದೂ ಖಾಲಿ ಮಾಡದಿದ್ದರೆ ಬಾಡಿಗೆಯ ಎರಡು ಪಟ್ಟು ಕಟ್ಟಬೇಕಾದೀತು ಎಂಬುದು ಕಾಯ್ದೆಯಲ್ಲೇ ಇದೆ. ಆದ್ದರಿಂದ ಮುಂದುವರಿಸುವ ಮಾತನ್ನು ಒಂಬತ್ತನೆಯ ತಿಂಗಳಿನಲ್ಲೇ ಎತ್ತಿ.

ಕಟ್ಟಡದ ಹೌಸಿಂಗ್ ಸೊಸೈಟಿಯ ಸೆಕ್ರೆಟರಿ ಕೊಡುವ ಫಾರಮ್ಮಿನಲ್ಲಿ 'ಪರಸ್ಪರ ಸಂಬಂಧ' ಎಂಬ ಖಾನೆ ಇರುತ್ತದೆ. ಅಲ್ಲಿ 'ಅಣ್ಣ-ತಮ್ಮ', 'ಕಸಿನ್' ಎಂದು ಬರೆಯಬೇಡಿ. ಅಡ್ಡಹೆಸರು, ಜಾತಿ, ಊರು ಯಾವುದೂ ಹೊಂದದೆ ಆ ಸುಳ್ಳು ವಾರದೊಳಗೆ ಬೀಳುತ್ತದೆ, ಆಮೇಲೆ ನೀವು ಹೇಳುವ ನಿಜವನ್ನೂ ಯಾರೂ ನಂಬುವುದಿಲ್ಲ. 'ಸಹ ಲೈಸೆನ್ಸಿ' ಎಂದು ಬರೆಯಿರಿ. ಅದು ನಿಜ, ಅಷ್ಟು ಸಾಕು. ಹೇಳುವುದೋ ಬಿಡುವುದೋ ನಿಮ್ಮ ಹಕ್ಕು, ಬಾಡಿಗೆ ಮನೆಗೆ ಅದು ಶುಲ್ಕವಲ್ಲ. ನನ್ನ ಮಟ್ಟಿಗೆ, ಹತ್ತು ಹದಿನಾರು ಮನೆಗಳ ಹಳೆಯ ಕಟ್ಟಡಕ್ಕಿಂತ ನೂರಾರು ಮನೆಗಳ ಟವರು ವಾಸಿ. ಹಳೆಯ ಕಟ್ಟಡದಲ್ಲಿ ಮೆಟ್ಟಿಲೇ ಸುದ್ದಿ ಹಂಚುತ್ತದೆ. ಟವರಿನ ತೊಂದರೆ ಬೇರೆ: ಗೇಟಿನ ಆ್ಯಪಿನಲ್ಲಿ ಮಾಲೀಕರ ನಂಬರೇ ಉಳಿದಿದ್ದರೆ ನಿಮ್ಮಲ್ಲಿಗೆ ಬಂದವರ ಹೆಸರೆಲ್ಲ ಅವರ ಫೋನಿಗೆ ಹೋಗುತ್ತದೆ. ಮೊದಲ ದಿನವೇ ನಿಮ್ಮ ನಂಬರು ಹಾಕಿಸಿ.

ಬಾಡಿಗೆಯ ಅರ್ಧರ್ಧವನ್ನು ಇಬ್ಬರೂ ತಮ್ಮ ತಮ್ಮ ಖಾತೆಯಿಂದ ಮಾಲೀಕರಿಗೆ ನೇರವಾಗಿ ಕಳಿಸಿ. ಹಳೆಯ ತೆರಿಗೆ ಪದ್ಧತಿಯಲ್ಲಿ ಎಚ್‌ಆರ್‌ಎ (ಮನೆ ಬಾಡಿಗೆ ಭತ್ಯೆಯ ತೆರಿಗೆ ವಿನಾಯಿತಿ) ಕೇಳುವವರಿಗೆ ಅದೇ ಪುರಾವೆ. ವರ್ಷದ ಬಾಡಿಗೆ ಒಂದು ಲಕ್ಷ ದಾಟಿದರೆ ಮಾಲೀಕರ ಪಾನ್ ಬೇಕು. ಜಂಟಿ ಖಾತೆ ತೆರೆಯಲು ಹೋದಾಗ ಕೌಂಟರಿನಲ್ಲಿ ತಡೆದರೆ, ಎಲ್‌ಜಿಬಿಟಿ ಸಮುದಾಯದವರು ಜಂಟಿ ಖಾತೆ ತೆರೆಯಲು, ಸಂಗಾತಿಯನ್ನು ನಾಮಿನಿ ಮಾಡಲು ಯಾವ ಅಡ್ಡಿಯೂ ಇಲ್ಲವೆಂದು ಹಣಕಾಸು ಸಚಿವಾಲಯ 2024ರ ಆಗಸ್ಟಿನಲ್ಲಿ ಸ್ಪಷ್ಟಪಡಿಸಿದ್ದನ್ನು ಮುದ್ರಿಸಿ ತೋರಿಸಿ. ಮತ್ತೊಂದು ಕಾಗದವನ್ನು ಪ್ರೀತಿ ಚೆನ್ನಾಗಿರುವಾಗಲೇ ಬರೆದಿಡಿ: ಬೇರೆಯಾದರೆ ಮನೆಯಲ್ಲಿ ಉಳಿಯುವವರು ಯಾರು, ಹೋಗುವವರಿಗೆ ಡಿಪಾಸಿಟ್ಟಿನ ಪಾಲು ಎಷ್ಟು ದಿನದಲ್ಲಿ, ಫ್ರಿಜ್ ಯಾರದು. ಇಬ್ಬರ ಸಹಿ ಸಾಕು.

ಪಿಎಫ್ ವಿಷಯದಲ್ಲಿ ಮೋಸಹೋಗಬೇಡಿ. ಆ ಯೋಜನೆಯಲ್ಲಿ 'ಕುಟುಂಬ' ಎಂದರೆ ಗಂಡ ಅಥವಾ ಹೆಂಡತಿ, ಮಕ್ಕಳು, ಅವಲಂಬಿತ ತಂದೆತಾಯಿ ಇತ್ಯಾದಿ. ತಂದೆತಾಯಿ ನಿಮ್ಮ ಮೇಲೆ ಅವಲಂಬಿತರಾಗಿದ್ದರೆ ಸಂಗಾತಿಯ ಹೆಸರಿನ ನಾಮಿನೇಷನ್ ನಿಲ್ಲುವುದಿಲ್ಲ. ಬ್ಯಾಂಕಿನಲ್ಲಿ ಯಾರನ್ನಾದರೂ ಹಾಕಬಹುದು, ಆದರೆ ನಾಮಿನಿ ಹಣ ಪಡೆದುಕೊಳ್ಳುವವರೇ ಹೊರತು ವಾರಸುದಾರರಲ್ಲ. ಸಂಗಾತಿಗೇ ಸೇರಬೇಕೆಂದಿದ್ದರೆ ಉಯಿಲು ಬೇಕು. ಅದಕ್ಕೆ ಸ್ಟಾಂಪೂ ಬೇಡ, ನೋಂದಣಿ ಕಡ್ಡಾಯವೂ ಅಲ್ಲ. ಬಿಳಿ ಹಾಳೆ, ನಿಮ್ಮ ಸಹಿ, ಇಬ್ಬರು ಸಾಕ್ಷಿಗಳ ಸಹಿ ಇದ್ದರಾಯಿತು. ಪಾಲು ಪಡೆಯುವವರೇ ಸಾಕ್ಷಿಯಾಗಬಾರದು.

ಆಸ್ಪತ್ರೆಯಲ್ಲಿ "ರಿಲೇಟಿವ್ ಯಾರು?" ಎಂಬ ಪ್ರಶ್ನೆ ಬರುವುದು ರಾತ್ರಿ ಎರಡು ಗಂಟೆಗೆ, ಬುದ್ಧಿ ಓಡದ ಹೊತ್ತಿನಲ್ಲಿ. ಮೊದಲೇ ಎರಡು ಕಾಗದ ಮಾಡಿಡಿ. ಒಂದು, 2017ರ ಮಾನಸಿಕ ಆರೋಗ್ಯ ಕಾಯ್ದೆಯ 14ನೆಯ ಕಲಮಿನಡಿ ನಾಮನಿರ್ದೇಶಿತ ಪ್ರತಿನಿಧಿಯ (ಚಿಕಿತ್ಸೆಯ ವಿಷಯದಲ್ಲಿ ನಿಮ್ಮ ಪರವಾಗಿ ನಿಲ್ಲುವವರ) ನೇಮಕ. ಬಿಳಿ ಹಾಳೆಯಲ್ಲಿ ಬರೆದು ಸಹಿ ಮಾಡಿದರೆ ಸಾಕು, ಸಂಗಾತಿಯೇ ಆಗಬಹುದು, ಗೆಳೆಯರೂ ಆಗಬಹುದು. ಊರಿನವರು ಬಲವಂತವಾಗಿ ಮಾನಸಿಕ ಆಸ್ಪತ್ರೆಗೆ ಸೇರಿಸಲು ಬಂದಾಗ ಅಡ್ಡ ನಿಲ್ಲುವ ಹಾಳೆ ಇದು. ಎರಡು, ಮುಂಗಡ ವೈದ್ಯಕೀಯ ನಿರ್ದೇಶನ, ಅಂದರೆ ನೀವು ಮಾತಾಡಲಾಗದ ಸ್ಥಿತಿಗೆ ಬಂದರೆ ಚಿಕಿತ್ಸೆ ಹೇಗಿರಬೇಕು, ಯಾರನ್ನು ಕೇಳಬೇಕು ಎಂದು ಮೊದಲೇ ಬರೆದಿಡುವ ಕಾಗದ. 2023ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನು ಸರಳಗೊಳಿಸಿದೆ: ಇಬ್ಬರು ಸಾಕ್ಷಿಗಳು, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣ. ಎರಡರ ಫೋಟೊ ಇಬ್ಬರ ಫೋನಿನಲ್ಲೂ ಇರಲಿ.

ಎಚ್‌ಐವಿ ಚಿಕಿತ್ಸೆಯಲ್ಲಿರುವವರು ಊರು ಬಿಡುವ ಮೊದಲು ತಮ್ಮ ಎಆರ್‌ಟಿ (ಎಚ್‌ಐವಿ ಔಷಧಿ ಕೊಡುವ) ಕೇಂದ್ರದಲ್ಲಿ 'ಟ್ರಾನ್ಸ್‌ಫರ್ ಔಟ್' ಎಂಬ ವರ್ಗಾವಣೆ ಪತ್ರ ಮಾಡಿಸಿಕೊಂಡು, ಚಿಕಿತ್ಸೆಯ ಪುಸ್ತಕ ಮತ್ತು ಕನಿಷ್ಠ ಒಂದು ತಿಂಗಳ ಮಾತ್ರೆ ತರಬೇಕು. ಇಲ್ಲಿ ಕೆಇಎಂ, ಸಾಯನ್, ನಾಯರ್, ಜೆಜೆ ಆಸ್ಪತ್ರೆಗಳಲ್ಲಿ ಕೇಂದ್ರಗಳಿವೆ, ಔಷಧಿ ಉಚಿತ. ಪತ್ರವಿಲ್ಲದೆ ಬಂದರೆ ಹೊಸದಾಗಿ ಎಲ್ಲ ಪರೀಕ್ಷೆ, ಆ ನಡುವೆ ಮಾತ್ರೆ ತಪ್ಪುತ್ತದೆ. ಸೋಂಕು ತಗುಲಿರಬಹುದು ಅನ್ನಿಸಿದರೆ ಅದನ್ನು ತಡೆಯುವ ಪಿಇಪಿ ಮಾತ್ರೆಯನ್ನು 72 ಗಂಟೆಯೊಳಗೆ ಶುರುಮಾಡಿ 28 ದಿನ ನುಂಗಬೇಕು. ಬೇಗ ಆದಷ್ಟೂ ಒಳ್ಳೆಯದು, ಸೋಮವಾರ ಆಗಲಿ ಎಂದು ಕಾಯುತ್ತಾ ಕೂರಬೇಡಿ. ಮಾಹಿತಿಗೆ ಎಚ್‌ಐವಿ ಸಹಾಯವಾಣಿ 1097.

ಹೊಸಬರಿಗೆ ಬೀಳುವ ದೊಡ್ಡ ಪೆಟ್ಟು ಡೇಟಿಂಗ್ ಆ್ಯಪಿನದು. ಚಾಟ್ ಮಾಡಿದವನು ಮನೆಗೆ ಕರೆಯುತ್ತಾನೆ, ಒಳಗೆ ಹೋದ ಹತ್ತು ನಿಮಿಷಕ್ಕೆ ಇನ್ನಿಬ್ಬರು ನುಗ್ಗುತ್ತಾರೆ, ವಿಡಿಯೊ ಮಾಡುತ್ತಾರೆ, "ನಿಮ್ಮಪ್ಪನಿಗೆ ಕಳಿಸ್ತೀವಿ, ಪೊಲೀಸರನ್ನ ಕರೀತೀವಿ" ಎಂದು ಹೆದರಿಸಿ ಯುಪಿಐನಿಂದ ಹಣ ಹಾಕಿಸಿಕೊಳ್ಳುತ್ತಾರೆ. ಮೊದಲ ಭೇಟಿ ಸ್ಟೇಷನ್ ಪಕ್ಕದ ಹೋಟೆಲಿನಲ್ಲೇ ಆಗಲಿ, ಅದಕ್ಕೂ ಮೊದಲು ವಿಡಿಯೊ ಕಾಲ್ ಆಗಲಿ. ಯುಪಿಐ ಖಾತೆಯಲ್ಲಿ ಎರಡು ಮೂರು ಸಾವಿರಕ್ಕಿಂತ ಹೆಚ್ಚು ಇಡಬೇಡಿ. ಸಿಕ್ಕಿಬಿದ್ದರೆ ಜೀವ ಉಳಿಸಿಕೊಂಡು ಹೊರಬನ್ನಿ, ಹೊರಬಂದ ಮೇಲೆ ಒಂದು ರೂಪಾಯಿಯನ್ನೂ ಕಳಿಸಬೇಡಿ. ಕೊಟ್ಟವರನ್ನು ಅವರು ಬಿಡುವುದಿಲ್ಲ. ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ ವಹಿವಾಟಿನ ಗುರುತಿನ ಸಂಖ್ಯೆಯಾದ ಯುಟಿಆರ್ ನಂಬರು ಕೊಡಿ. ದೂರು ಯಾವ ಠಾಣೆಯಲ್ಲಾದರೂ ಕೊಡಬಹುದು. ಸುಲಿಗೆಗೆ ಭಾರತೀಯ ನ್ಯಾಯ ಸಂಹಿತೆಯ 308ನೆಯ ಕಲಮಿದೆ. ಒಪ್ಪಿದ ವಯಸ್ಕರ ಖಾಸಗಿ ಸಂಬಂಧ 2018ರ ಸೆಪ್ಟೆಂಬರ್ 6ರಿಂದ ಅಪರಾಧವಲ್ಲ, ಹೊಸ ಸಂಹಿತೆಯಲ್ಲಿ, ಅದನ್ನು ಅಪರಾಧವೆನ್ನುತ್ತಿದ್ದ ಹಳೆಯ ದಂಡ ಸಂಹಿತೆಯ 377ನೆಯ ಕಲಮು ಇಲ್ಲವೇ ಇಲ್ಲ. "ಆ್ಯಪಿನಲ್ಲಿ ಪರಿಚಯವಾದವರು" ಎಂದಷ್ಟೇ ಬರೆದರೆ ದೂರಿಗೆ ಸಾಕು. ಬರೆಸಿಕೊಳ್ಳದಿದ್ದರೆ ಲಿಖಿತ ಅರ್ಜಿ ಕೊಟ್ಟು, ಪ್ರತಿಯ ಮೇಲೆ ಠಾಣೆಯ ಸೀಲು ಹಾಕಿಸಿಕೊಂಡೇ ಬನ್ನಿ.

ಜನ ಬೇಕಾದಾಗ ಸಾಂತಾಕ್ರೂಜ್ ಪೂರ್ವದ ವಾಕೋಲಾದಲ್ಲಿ ಸಲಿಂಗಿಗಳ ಪರ ಕೆಲಸ ಮಾಡುವ ಹಮ್‌ಸಫರ್ ಟ್ರಸ್ಟ್ ಇದೆ, 1994ರಿಂದ ಕೆಲಸ ಮಾಡುತ್ತಿದೆ. ಕ್ಲಿನಿಕ್ಕು, ಕೌನ್ಸೆಲಿಂಗು, ಕಾನೂನಿನ ಸಲಹೆ ಅಲ್ಲಿ ಸಿಗುತ್ತವೆ. 2010ರಿಂದ ಪ್ರತಿವರ್ಷ ಇಂಥ ಬದುಕಿನ ಸಿನಿಮಾಗಳ ಕಶಿಶ್ ಚಿತ್ರೋತ್ಸವ ನಡೆಯುತ್ತದೆ. ಒಬ್ಬರೇ ಬಂದವರು ಕತ್ತಲಲ್ಲಿ ಕೂತು ನೋಡಿ ಎದ್ದು ಹೋಗಬಹುದು, ಯಾರೂ ಹೆಸರು ಕೇಳುವುದಿಲ್ಲ, ಮೊದಲ ಹೆಜ್ಜೆಗೆ ಅದು ಒಳ್ಳೆಯ ಜಾಗ. ಕನ್ನಡದಲ್ಲಿ ಮನಸ್ಸು ಹೇಳಿಕೊಳ್ಳಬೇಕೆನ್ನಿಸಿದಾಗ 14416ರ ಟೆಲಿಮಾನಸ್ ಎಂಬ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿ ಇದೆ, ಭಾಷೆ ಆರಿಸುವಾಗ ಕನ್ನಡ ಆರಿಸಿ. ಹಿಂದಿ-ಮರಾಠಿಯಲ್ಲಿ ಎಷ್ಟೇ ಪಳಗಿದರೂ ಅಳು ಬರುವುದು ತಾಯ್ನುಡಿಯಲ್ಲೇ.

ಅದಕ್ಕೇ, ಕನ್ನಡದವರನ್ನು ಪೂರ್ತಿ ಬಿಟ್ಟುಬಿಡಿ ಎಂದು ಹೇಳಲಾರೆ. ಮಾಟುಂಗಾದ ಮೈಸೂರು ಅಸೋಸಿಯೇಷನ್ನು 1926ರದು, ಅಲ್ಲಿ ನಾಟಕಕ್ಕೆ ಹೋಗಿ. ಕಲೀನಾದ ವಿಶ್ವವಿದ್ಯಾಲಯದ ಕನ್ನಡ ವಿಭಾಗದ ಕಾರ್ಯಕ್ರಮಗಳಿಗೆ ಹೋಗಿ, ಯಕ್ಷಗಾನ ನೋಡಿ. ಚಿಕ್ಕಪ್ಪನಿಗೂ ಫೋನ್ ಮಾಡಿ, ಚೌತಿಗೆ ಹಣ್ಣು ಹಿಡಿದು ಹೋಗಿ ಬನ್ನಿ. ಕರಾರು ಕೈಗೆ ಬಂದ ಮೇಲೆ ಹೋದರೆ ನೀವು ಆ ಮನೆಗೆ ನೆಂಟರು, ಅಲ್ಲಿ ಸಾಕಿಸಿಕೊಳ್ಳುತ್ತಿರುವವರಲ್ಲ. ಮದುವೆಯ ಮಾತು ತೆಗೆದಾಗ ಎದ್ದು ಬರಲು ನಿಮಗೊಂದು ಮನೆಯಿರುತ್ತದೆ.

ಒಂದು ಸಣ್ಣ ಕೆಲಸ ಉಳಿಯಿತು. ಕಟ್ಟಡದ ಕೆಳಗೆ, ಲಿಫ್ಟಿನ ಪಕ್ಕ, ಸಾಲಾಗಿ ತಗಡಿನ ಟಪಾಲು ಡಬ್ಬಗಳಿರುತ್ತವೆ. ನಿಮ್ಮ ಮನೆಯ ನಂಬರಿನ ಡಬ್ಬದ ಮೇಲೆ ಮಾಲೀಕರ ಅಡ್ಡಹೆಸರೋ ಹಿಂದೆ ಇದ್ದವರ ಹೆಸರೋ ಇರುತ್ತದೆ. ಅಂಚೆಯವರು ಹೆಸರು ಕಾಣದೆ ಚೆಕ್‌ಬುಕ್ಕು, ಎಟಿಎಂ ಕಾರ್ಡು, ಪಾನ್ ಕಾರ್ಡು ವಾಪಸು ಕಳಿಸಿಬಿಡುತ್ತಾರೆ. ಆಧಾರಿನ ವಿಳಾಸ ಬದಲಿಸುವ ಮೊದಲು ಎರಡು ಹೆಸರನ್ನೂ ದಪ್ಪ ಅಕ್ಷರದಲ್ಲಿ, ಇಂಗ್ಲಿಷಿನಲ್ಲೂ ಮರಾಠಿಯಲ್ಲೂ ಬರೆದು, ಮೇಲೆ ಅಗಲವಾದ ಪಾರದರ್ಶಕ ಟೇಪು ಅಂಟಿಸಿ. ಜೂನಿನ ಮಳೆಗೆ ಬರೀ ಕಾಗದ ಒಂದು ವಾರವೂ ನಿಲ್ಲುವುದಿಲ್ಲ.